ರೊಟ್ಟಿ ಬೇಡ ಎಂದವಳು

ಜೋಳದ ರೊಟ್ಟಿ ತಿಂದರೆ ಮೊಣಕಾಲು ಸವೆಯುತ್ತದೆ ಎಂಬ ಸುಳ್ಳನ್ನು ನಮ್ಮ ಸೀಮೆಯಲ್ಲಿ ಹುಟ್ಟಿಸಿದವಳು ನಾನೇ. ವಿಜಯಪುರ ಜಿಲ್ಲೆಯ ಇಂಡಿ ಊರಿನ ನಮ್ಮ ಮನೆಯಲ್ಲಿ, ಹಂಚಿನ ಮೇಲೆ ರೊಟ್ಟಿ ಉಬ್ಬುತ್ತಿದ್ದಾಗ, ಹಿಟ್ಟು ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಮೊಬೈಲಿನಲ್ಲಿ ಬರೆದದ್ದು ಅದು. ಯಾರಾದರೂ ನಂಬಿಯಾರು ಎಂದು ಅನ್ನಿಸಿದ್ದರೆ ಬೇರೆ ಏನನ್ನಾದರೂ ಬರೆಯುತ್ತಿದ್ದೆ. ಹಲ್ಲು ಬರುವ ಮೊದಲೇ ರೊಟ್ಟಿಯ ಚೂರು ಚೀಪಿದ ಜನ ಇವರು. ಅಜ್ಜ ಮುತ್ತಜ್ಜರೆಲ್ಲ ಇದನ್ನೇ ತಿಂದು ಎಂಬತ್ತು ತೊಂಬತ್ತರವರೆಗೆ ಹೊಲ ತುಳಿದವರು. ಇಂಥ ಮಾತು ಕೇಳಿದರೆ ನಗುತ್ತಾರೆ, ನಕ್ಕ ಮೇಲೆ ಪಾಠ ಹೇಳುವುದು ಸುಲಭ ಎಂದುಕೊಂಡಿದ್ದೆ. ಜನರ ಬುದ್ಧಿಯ ಬಗ್ಗೆ ನನಗೆ ಆಗಲೂ ದೊಡ್ಡ ಅಭಿಪ್ರಾಯವೇನೂ ಇರಲಿಲ್ಲ. ಆದರೆ ಆ ಬುದ್ಧಿ ಇಷ್ಟು ಕೆಳಗೆ ಇರಬಹುದೆಂದು ಎಣಿಸಿರಲಿಲ್ಲ.

ನಾನು ಇಂಡಿಯ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ಎಂಎ, ಎಂಎಸ್ಸಿ. ಅವರಲ್ಲಿ ಭೌತಶಾಸ್ತ್ರದವರು ವರ್ಷಕ್ಕೊಮ್ಮೆಯಾದರೂ, ಇವತ್ತು ರಾತ್ರಿ ಆಕಾಶದಿಂದ ಕೆಟ್ಟ ಕಿರಣ ಬೀಳುತ್ತವೆ, ಮೊಬೈಲ್ ಆಫ್ ಮಾಡಿ ದೂರ ಇಟ್ಟು ಮಲಗಿರಿ ಎಂದು ಕಾಲೇಜಿನ ಗ್ರೂಪಿಗೆ ಕಳಿಸುತ್ತಾರೆ. ಮರುದಿನ ಬೆಳಿಗ್ಗೆ ವಿದ್ಯುತ್ಕಾಂತೀಯ ಅಲೆಗಳ ಪಾಠ ಮಾಡುತ್ತಾರೆ. "ಸರ್, ಇದನ್ನ ನೀವ ನಂಬ್ತೀರೇನ್ರಿ?" ಎಂದು ಒಮ್ಮೆ ಕೇಳಿದೆ. "ನಾ ನಂಬೂದಿಲ್ರಿ ಮೇಡಂ, ಆದ್ರ ಖರೇ ಇದ್ರ ಏನ್ ಮಾಡೂದು, ಇರ್ಲಿ ಅಂತ ಕಳಿಸಿಬಿಡ್ತೇನಿ" ಎಂದರು. ಅವರ ಪದವಿ ಗೋಡೆಯ ಮೇಲೆ ಚೌಕಟ್ಟಿನಲ್ಲಿದೆ. ತಲೆಯೊಳಗೆ ಇಳಿಯಲು ಅದಕ್ಕೆ ದಾರಿ ಸಿಕ್ಕಿಲ್ಲ.

ಹೀಗಿರುವಾಗ ಜಿಲ್ಲಾ ಕೇಂದ್ರದಿಂದ ಒಬ್ಬ ಸಂಯೋಜಕ ಬಂದ. ಯಾವುದೋ ಸಂಸ್ಥೆಯ ಯೋಜನೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿ ಜನರಿಗೆ ಸುಳ್ಳು ಸುದ್ದಿ ಗುರುತಿಸುವುದನ್ನು ಕಲಿಸಬೇಕಂತೆ. "ನೀವು ಸೈನ್ಸಿನವರು, ಮಾತೂ ಚಲೋ ಆಡ್ತೀರಿ. ಬಂದು ಹೇಳ್ರಿ ಮೇಡಂ, ಸಾಕು" ಎಂದ. ಅವನು ಕೊಟ್ಟ ಸ್ಲೈಡುಗಳನ್ನು ನೋಡಿದೆ. ಟೈ ಕಟ್ಟಿದ ಬಿಳಿ ಜನ ಲ್ಯಾಪ್‌ಟಾಪ್ ಮುಂದೆ ಗಲ್ಲಕ್ಕೆ ಕೈ ಕೊಟ್ಟು ಕುಳಿತಿದ್ದರು. ಪಕ್ಕದಲ್ಲಿ, "ಭಾವನಾತ್ಮಕ ಪ್ರಚೋದನೆಯನ್ನು ಗುರುತಿಸಿ" ಎಂದು ಬರೆದಿತ್ತು. ಆ ಕನ್ನಡವನ್ನು ಓದಿ ಯಾವ ಭಾವನೆಯಾದರೂ ಪ್ರಚೋದನೆಗೊಳ್ಳುವ ಮನುಷ್ಯ ಹೊರ್ತಿಯಲ್ಲಾಗಲಿ ಮನಗೂಳಿಯಲ್ಲಾಗಲಿ ಹುಟ್ಟಿಲ್ಲ. ಆದರೂ ಒಪ್ಪಿದೆ. ಸ್ಟಾಫ್ ರೂಮಿನ ಸಿಟ್ಟನ್ನು ಎಲ್ಲಾದರೂ ಇಳಿಸಬೇಕಿತ್ತು.

ಮೊದಲ ಕಾರ್ಯಕ್ರಮ ಇಂಡಿಯಲ್ಲೇ ಆಯಿತು. ದೀಪ ಹಚ್ಚಲು ಒಬ್ಬ ನಿವೃತ್ತ ಅಧಿಕಾರಿಯನ್ನು ಕರೆಸಿದ್ದರು. ಅವರು ಉದ್ಘಾಟನಾ ಭಾಷಣದಲ್ಲಿ ಸುಳ್ಳು ಸುದ್ದಿ ಸಮಾಜಕ್ಕೆ ಅಂಟಿದ ರೋಗ ಎಂದರು. ಆಮೇಲೆ ಜೇಬಿನಿಂದ ಮೊಬೈಲ್ ತೆಗೆದು, "ಅದಕ್ಕ ನಾವು ಖರೇ ಸುದ್ದೀನ ಹಂಚಬೇಕು. ತಾಮ್ರದ ತಂಬಗಿ ನೀರು ಕುಡದವರಿಗೆ ಕ್ಯಾನ್ಸರ್ ಬರೂದಿಲ್ಲ ಅಂತ ಅಮೆರಿಕದವರ ಒಪ್ಪಿಕೊಂಡಾರ. ಇದು ನನಗ ನಿನ್ನೇನ ಬಂದೈತಿ" ಎಂದರು. ಜನ ಚಪ್ಪಾಳೆ ತಟ್ಟಿದರು. ಸಂಯೋಜಕ ಎಲ್ಲರಿಗಿಂತ ಜೋರಾಗಿ ತಟ್ಟಿದ. ನಾನು ನನ್ನ ಸರದಿ ಬಂದಾಗ, ತಾಮ್ರದ ಮಾತಿಗೆ ಆಧಾರವಿಲ್ಲ ಎಂದೆ. ಅಧಿಕಾರಿಗಳು ಕೈಗಡಿಯಾರ ನೋಡಿಕೊಂಡು ಎದ್ದು ಹೋದರು. ಹೊರಗೆ ಬಂದ ಮೇಲೆ ಸಂಯೋಜಕ, "ಮೇಡಂ, ಅತಿಥಿಗಳನ್ನ ಹಂಗ ಅನ್ನಬಾರದ್ರಿ" ಎಂದು ನನಗೇ ಬುದ್ಧಿ ಹೇಳಿದ. ಅವನ ಚಿಂತೆಯೆಲ್ಲ ಫೋಟೊದ್ದು. ಊರಿನ ಹೆಸರು, ವೇಳೆ ಅಚ್ಚಾಗಿ ಬರುವ ಫೋಟೊ ತೆಗೆದು ಮೇಲಕ್ಕೆ ಕಳಿಸಿದರೆ, ಆ ತಾಲ್ಲೂಕಿಗೆ ಜಾಗೃತಿ ಬಂತು.

ಎರಡನೆಯದು ಬಸವನ ಬಾಗೇವಾಡಿಯಲ್ಲಿ. ಸಮುದಾಯ ಭವನ ತುಂಬಿತ್ತು. ಸಂಘದ ಹೆಣ್ಣುಮಕ್ಕಳನ್ನು ಟಂಟಂ ಗಾಡಿಗಳಲ್ಲಿ ಕರೆತಂದಿದ್ದರು. ಮುಂದಿನ ಸಾಲಿನಲ್ಲಿ ಒಬ್ಬ, ಕೋಲಿಗೆ ಮೊಬೈಲ್ ಸಿಕ್ಕಿಸಿಕೊಂಡು, ಎದೆಗೆ 'ಪ್ರೆಸ್' ಎಂಬ ಕಾರ್ಡು ನೇತುಹಾಕಿಕೊಂಡು ಕುಳಿತಿದ್ದ. ಸಿಂದಗಿಯವನು, ಮೊಬೈಲಿನಲ್ಲಿ ಚಾನಲ್ ನಡೆಸುತ್ತಾನೆ ಎಂದು ಸಂಯೋಜಕ ಹೆಮ್ಮೆಯಿಂದ ಪರಿಚಯಿಸಿದ.

ಸ್ಲೈಡುಗಳನ್ನು ಬದಿಗಿಟ್ಟು, ನಾನು ಬರೆದಿದ್ದ ಸಂದೇಶವನ್ನು ಓದಿದೆ. "ಬಂಧುಗಳೇ, ಜೋಳದ ರೊಟ್ಟಿ ತಿನ್ನೂದು ಇವತ್ತ ಬಿಡ್ರಿ. ಜೋಳ ಮೊಣಕಾಲಿನೊಳಗಿನ ಎಣ್ಣಿ ಹೀರತೈತಿ. ನಲವತ್ತು ದಾಟಿದವರು ಮುಟ್ಟಬಾರದು. ವಿಜ್ಞಾನಿಗಳು ಹೇಳ್ಯಾರ." ಒಂದಿಷ್ಟು ಜನ ನಕ್ಕರು. ಹೆಚ್ಚಿನವರು ನಗಲಿಲ್ಲ. ಮೂರನೇ ಸಾಲಿನ ಒಬ್ಬ ಹೆಂಗಸು ಎರಡೂ ಕೈಯಿಂದ ತನ್ನ ಮೊಣಕಾಲು ಒತ್ತಿ ನೋಡಿಕೊಂಡಳು. ಕೂಡಲೇ ಹೇಳಿದೆ, "ಇದು ಪೂರಾ ಸುಳ್ಳು. ನಿನ್ನೆ ನಾನ ಅಡಗಿಮನ್ಯಾಗ ನಿಂತು ಬರದೇನಿ. ಯಾವ ವಿಜ್ಞಾನಿ, ಎಲ್ಲಿಯವ, ಯಾವಾಗ ಹೇಳಿದ, ಒಂದೂ ಇಲ್ಲ ಇದರಾಗ. ಹೆಸರಿಲ್ಲದ ವಿಜ್ಞಾನಿ ಅಂದ್ರ ಸುಳ್ಳಿನ ಮೊದಲ ಗುರುತು." ಇದನ್ನು ವಿವರಿಸುತ್ತ ಬಹಳ ಹೊತ್ತು ಮಾತನಾಡಿದೆ. ಆಮೇಲೆ ಚಹಾ, ಚೂಡಾ, ಫೋಟೊ.

ವಾರ ಕಳೆಯುವ ಮೊದಲೇ ನಾನು ಪ್ರಸಿದ್ಧಳಾದೆ. ಕೋಲಿನ ಮೊಬೈಲಿನವನು ನನ್ನ ಮಾತನ್ನು "ವಿಜ್ಞಾನಿಗಳು ಹೇಳ್ಯಾರ" ಎಂಬಲ್ಲಿಗೆ ಕತ್ತರಿಸಿದ್ದ. ಮುಖದ ಸುತ್ತ ಕೆಂಪು ಗೆರೆ, ಹಿಂದೆ ಎದೆ ಬಡಿದಂಥ ಸಂಗೀತ, ಮೇಲೆ "ಜೋಳದ ರೊಟ್ಟಿ ವಿಷ: ಜೀವಶಾಸ್ತ್ರ ಉಪನ್ಯಾಸಕಿಯ ಸ್ಫೋಟಕ ಹೇಳಿಕೆ" ಎಂಬ ತಲೆಬರಹ. ಕೊನೆಯಲ್ಲಿ ಮೊಣಕಾಲು ನೋವಿನ ಒಂದು ಪುಡಿಯ ಜಾಹೀರಾತು ಅಂಟಿಸಿದ್ದ. ನೋಡಿದವರಿಗೆ ಪುಡಿಯನ್ನೂ ನಾನೇ ಹೇಳಿದಂತೆ ಕಾಣುತ್ತಿತ್ತು.

ಬೈದವರು ಬಹಳ. ಕಾಲೇಜಿನ ಎದುರಿನ ಖಾನಾವಳಿಯಲ್ಲಿ ರೊಟ್ಟಿ ಬಡಿಯುವಾಕೆ ನನ್ನನ್ನು ರಸ್ತೆಯಲ್ಲೇ ನಿಲ್ಲಿಸಿ, "ನಿಮಗ ಪಗಾರ ಬರತೈತಿ, ನಮ್ಮ ಹೊಟ್ಟಿ ಮ್ಯಾಲ ಯಾಕ ಹೊಡೀತೀರಿ?" ಎಂದಳು. ಬೈದವರ ಮೇಲೆ ನನಗೆ ಇಂದಿಗೂ ಸ್ವಲ್ಪ ಗೌರವವಿದೆ. ಅವರು ನನ್ನನ್ನು ತಪ್ಪು ತಿಳಿದರು, ಆದರೆ ರೊಟ್ಟಿಯ ಪರವಾಗಿಯಾದರೂ ನಿಂತರು. ನನಗೆ ಹೇಸಿಗೆ ಬಂದದ್ದು ಕೈ ಮುಗಿದವರ ಬಗ್ಗೆ. "ಕಣ್ಣು ತೆರೆಸಿದಿರಿ ಮೇಡಂ" ಎಂದು ಬರೆದವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೂ ಇದ್ದರು. ಅವರಿಗೆ ಕೀಲು, ಎಲುಬು, ಮೂಳೆಯ ಮಜ್ಜೆ ಎಲ್ಲವನ್ನೂ ಹಲಗೆಯ ಮೇಲೆ ಚಿತ್ರ ಬರೆದು ಕಲಿಸಿದವಳು ನಾನು. ನಾನು ಬಾಯಿಬಿಟ್ಟು ಕಲಿಸಿದ್ದು ನಿಲ್ಲಲಿಲ್ಲ. ನಾನು ಹೇಳದ್ದು ನಿಂತಿತು.

ಮನಗೂಳಿಯಿಂದ ನಮ್ಮ ಚಿಗವ್ವನ ಮಗ ಫೋನ್ ಮಾಡಿದ. ಚಿಗವ್ವ ಎಂದರೆ ನನ್ನ ತಾಯಿಯ ತಂಗಿ. ಅವನು ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಅಂಗಡಿಗಿಂತ ಹೆಚ್ಚು ಶ್ರದ್ಧೆಯಿಂದ ನಮ್ಮ ಮನೆತನದ ವಾಟ್ಸ್‌ಆ್ಯಪ್ ಗ್ರೂಪನ್ನು ನಡೆಸುತ್ತಾನೆ. "ಅಕ್ಕಾ, ಅವ್ವ ರೊಟ್ಟಿ ಬಿಟ್ಟಾಳ ನೋಡು" ಎಂದ ಸಂಭ್ರಮದಿಂದ. "ಡಾಕ್ಟರ್ ಸಕ್ಕರಿ ಬಿಡು ಅಂದ್ರ ಬಿಡಲಿಲ್ಲ. ನಿನ್ನ ಒಂದು ವಿಡಿಯೋಕ್ಕ ರೊಟ್ಟಿ ಬಿಟ್ಲು! ನಾ ಗ್ರೂಪಿನ್ಯಾಗ ಹಾಕೇನಿ, 'ನಮ್ಮಕ್ಕ' ಅಂತ ಬರದು."

"ಅದು ಸುಳ್ಳು ತಮ್ಮಾ. ಕತ್ತರಿಸಿ ಹಾಕ್ಯಾರ."

"ಹೌದಾ?" ಎಂದ. ಆಮೇಲೆ, "ಆದ್ರ ಭಾಳ ಮಂದಿ ಲೈಕ್ ಮಾಡ್ಯಾರಲ್ಲಕ್ಕಾ" ಎಂದ.

ಅಂದೇ ಬಸ್ಸು ಹತ್ತಿ ಮನಗೂಳಿಗೆ ಹೋದೆ.

ನಮ್ಮ ಚಿಗವ್ವ ಸಾಮಾನ್ಯಳಲ್ಲ. ಗಂಡ ತೀರಿಕೊಂಡ ಮೇಲೆ ಹೊಲ ಮನೆ ಎರಡನ್ನೂ ಒಬ್ಬಳೇ ತೂಗಿಸಿದವಳು. ಸಂತೆಯಲ್ಲಿ ಬದನೆಕಾಯಿಯನ್ನು ಒಂದೊಂದಾಗಿ ಒತ್ತಿ ನೋಡಿ ಆರಿಸುತ್ತಾಳೆ. ಅಕ್ಕಸಾಲಿಗನ ಎದುರು ಕುಳಿತು ಬಂಗಾರ ಕರಗುವವರೆಗೆ ಕಣ್ಣು ಮಿಟುಕಿಸುವುದಿಲ್ಲ. ಸ್ವಂತ ಅಣ್ಣನ ಮಾತನ್ನೂ ಇನ್ನೊಬ್ಬರ ಬಾಯಿಂದ ಕೇಳದೆ ಒಪ್ಪಿದವಳಲ್ಲ. ಇಂಥವಳು ಅಂಗೈಯಗಲದ ಗಾಜಿನ ಮುಂದೆ ಹಾಲು ಕುಡಿಯುವ ಕೂಸಾಗಿದ್ದಳು.

ಪಡಸಾಲೆಯಲ್ಲಿ ಚಹಾದೊಳಗೆ ಖಾರಿ ಬಿಸ್ಕತ್ತು ಅದ್ದಿಕೊಂಡು ತಿನ್ನುತ್ತಿದ್ದಳು. ಮಧ್ಯಾಹ್ನದ ಊಟ ಅದೇ.

"ಚಿಗವ್ವಾ, ರೊಟ್ಟಿ ಬಿಟ್ಟೀಯಂತಲ್ಲ?"

"ನೀನ ಹೇಳೀದಿ ಅಲ್ಲ ಯವ್ವಾ."

"ನಾ ಹೇಳಿಲ್ಲ. ಸುಳ್ಳು ಹೆಂಗ ಇರತೈತಿ ಅಂತ ತೋರಸಾಕ ಓದೇನಿ. ಮುಂದಿನ ಮಾತು ಕತ್ತರಿಸ್ಯಾರ."

"ಕತ್ತರಿಸ್ಯಾರ ಅಂತ ಯಾರು ಹೇಳಿದ್ರು?"

"ನಾನ ಹೇಳಾಕತ್ತೇನಿ."

"ಅದರಾಗೂ ನೀನ ಹೇಳಾಕತ್ತೀದಿ" ಎಂದಳು.

ಚಹಾದ ಕಪ್ಪನ್ನು ಬದಿಗಿಟ್ಟು, ಅವಳು ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, ನನ್ನ ಕೈಮೇಲೆ ಕೈಯಿಟ್ಟಳು. "ಸರಕಾರಿ ನೌಕರಿ. ಮ್ಯಾಲಿನವರು ಅಂಜಿಸಿರ್ತಾರ, ಅದಕ್ಕ ಈಗ ಇಲ್ಲ ಅನ್ನಾಕತ್ತಿ. ನನಗ ತಿಳೀತೈತಿ ಬಿಡು. ನಾ ಯಾರ ಮುಂದೂ ಹೇಳೂದಿಲ್ಲ."

ಎದುರಿಗೆ ಕುಳಿತ ನಾನು ಸುಳ್ಳು, ಗಾಜಿನೊಳಗಿನ ನಾನು ಖರೆ. ತೊಟ್ಟಿಲಲ್ಲಿ ನನ್ನನ್ನು ತೂಗಿದ ಕೈ ಅದು. ಅದನ್ನು ಕೊಡವಿ ಏಳಬೇಕು ಅನ್ನಿಸಿತು.

ಆಮೇಲೆ ಅವಳು, ಮಗ ತರಿಸಿಕೊಟ್ಟ ಆ ಪುಡಿಯ ಡಬ್ಬಿಯನ್ನು ಗೂಡಿನಿಂದ ತಂದಳು. ಹಸಿರು ಎಲೆ, ಕೆಂಪಗೆ ಹೊಳೆಯುವ ಮೊಣಕಾಲಿನ ಚಿತ್ರ. "ನೋಡಿಲ್ಲೆ" ಎಂದು ನಡುಮನೆಯಲ್ಲಿ ಕುಕ್ಕರಗಾಲಲ್ಲಿ ಕುಳಿತು, ಗೋಡೆ ಹಿಡಿಯದೆ ಎದ್ದು ನಿಂತಳು. ನಿಜಕ್ಕೂ ಎದ್ದಳು. ಎಷ್ಟೋ ವರ್ಷಗಳಿಂದ ಮಂಚದ ಕಾಲು ಹಿಡಿದು ಏಳುತ್ತಿದ್ದವಳು. ಅವಳ ಮುಖದಲ್ಲಿ ಹೆಮ್ಮೆಯಿತ್ತು. ಬರಿಯ ಸುಳ್ಳಾಗಿದ್ದರೆ ಜಗಳ ಆಡಬಹುದಿತ್ತು. ಈ ಸುಳ್ಳಿನಿಂದ ಗುಣವೂ ಆಗಿತ್ತು.

"ಸಕ್ಕರಿ ಬ್ಯಾನಿ ಗುಳಗಿ ತಗೋತಿ ಹೌದಲ್ಲ?" ಎಂದೆ.

"ಪುಡಿ ನಡದಾಗ ಇಂಗ್ಲಿಷ್ ಔಷಧ ತಗೋಬಾರದಂತ. ವಿಡಿಯೋದಾಗ ಹೇಳ್ಯಾರ."

ಮಗನನ್ನು ಕರೆದು ಬೈದೆ. ಡಬ್ಬಿ ಕಸಿದುಕೊಂಡು ಹೋಗುತ್ತೇನೆ ಎಂದೆ. ಚಿಗವ್ವ ಡಬ್ಬಿಯನ್ನು ಸೆರಗಿನೊಳಗೆ ಹಿಡಿದುಕೊಂಡು, "ಯಾವಾಗಲೂ ಕಲತವರು ಹಿಂಗ. ತಮಗ ಗೊತ್ತಾದದ್ದು ಬಡವರಿಗೆ ಮುಟ್ಟಬಾರದು" ಎಂದಳು. ಹನ್ನೆರಡು ಎಕರೆ ನೀರಾವರಿಯ ಬಡವಳು.

ಮರುದಿನ ಸಿಂದಗಿಗೆ ಹೋದೆ. ಚಾನಲ್ಲಿನವನ ಅಂಗಡಿ ಬಸ್ ನಿಲ್ದಾಣದಿಂದ ದೂರವಿರಲಿಲ್ಲ. ಮುಂದೆ ಮೊಬೈಲಿನ ಕವರುಗಳು ತೂಗುಬಿದ್ದಿದ್ದವು, ಹಿಂದೆ ಅದೇ ಹಸಿರು ಡಬ್ಬಿಗಳು ಮಾಡಿನವರೆಗೆ ಪೇರಿಸಿದ್ದವು. ಅವನು ಹೆದರಿಯಾನು, ತಡವರಿಸಿಯಾನು ಎಂದು ನಾನು ದಾರಿಯುದ್ದಕ್ಕೂ ಮಾತು ಮಸೆದುಕೊಂಡು ಹೋಗಿದ್ದೆ. ಅವನು ತವರಿನಿಂದ ಅಕ್ಕ ಬಂದಳೇನೋ ಎಂಬಂತೆ ಎದ್ದು ಬಂದು ಕುರ್ಚಿ ಒರೆಸಿದ.

"ಬರ್ರಿ ಮೇಡಂ, ಬರ್ರಿ! ನಿಮ್ಮ ವಿಡಿಯೋ ಭಾಳ ಚಲೋ ಓಡೇತ್ರಿ."

"ಪೂರಾ ಮಾತು ಯಾಕ ಹಾಕಲಿಲ್ಲ?"

"ಪೂರಾ ಯಾರು ನೋಡ್ತಾರ್ರಿ? ಮಂದಿಗೆ ವ್ಯಾಳ್ಯಾ ಎಲ್ಲೈತಿ?"

"ಅದು ಸುಳ್ಳು ಅಂತ ಮುಂದಿನ ಮಾತಿನ್ಯಾಗ ಹೇಳೇನಿ."

"ಹೇಳೀರಿ. ನಾ ಇಲ್ಲ ಅಂದೆನೇನ್ರಿ? ಅದು ಎರಡನೇ ಭಾಗರಿ. ಹಾಕೂನು, ಅವಸರ ಏನೈತಿ?"

"ಪುಡ್ಯಾಗ ಏನೈತಿ?"

"ಗಿಡಮೂಲಿಕಿರಿ."

"ಯಾವ ಗಿಡ?"

ಅವನು ಹಿಂದಿನ ಡಬ್ಬಿಗಳನ್ನು ತಿರುಗಿ ನೋಡಿದ, ಮೊದಲ ಸಲ ನೋಡುವವನಂತೆ. "ಅದು ಮಾಡೂವರಿಗೆ ಗೊತ್ತ್ರಿ. ನಾವು ಬರೇ ಮಾರವರು."

"ನಿಮ್ಮವ್ವಗ ಕೊಟ್ಟೀಯೇನು?"

"ನಮ್ಮವ್ವಗ ಮೊಣಕಾಲು ಗಟ್ಟಿ ಅದಾವ್ರಿ" ಎಂದು ನಕ್ಕ. "ಇಂದಿಗೂ ಬಿಸಿ ರೊಟ್ಟಿ ಇಲ್ಲದ ಊಟ ಮಾಡೂದಿಲ್ಲ ಆಕಿ."

ಇದನ್ನು ಅವನು ನಾಚಿಕೆಯಿಲ್ಲದೆ ಹೇಳಲಿಲ್ಲ. ನಾಚಿಕೆ ಎಂಬುದೊಂದಿದೆ ಎಂದೇ ಅವನಿಗೆ ಗೊತ್ತಿರಲಿಲ್ಲ. ಅವನು ದುಷ್ಟನಾಗಿದ್ದರೆ ದ್ವೇಷಿಸಬಹುದಿತ್ತು. ಖಾಲಿ ಡಬ್ಬಿಯನ್ನು ದ್ವೇಷಿಸುವುದು ಹೇಗೆ?

ಅಷ್ಟರಲ್ಲಿ ಪಟಕಾ ಸುತ್ತಿದ ವಯಸ್ಸಾದ ರೈತರೊಬ್ಬರು ಡಬ್ಬಿ ಕೊಳ್ಳಲು ಬಂದರು. ನನ್ನನ್ನು ಗುರುತಿಸಿ ಕೈ ಮುಗಿದು, "ತಾಯೀ, ಉಂಡ ಮ್ಯಾಲ ತಗೋಬೇಕೋ, ಉಣ್ಣೂಕಿನ ಮೊದಲೋ?" ಎಂದು ಕೇಳಿದರು.

"ಯಜಮಾನ್ರ, ತಗೋಳೂದ ಬ್ಯಾಡ್ರಿ. ನಾ ಅದನ್ನ ಹೇಳಿಲ್ಲ. ಇದು ಮೋಸ."

ಅವರು ನನ್ನ ಮುಖ ನೋಡಿದರು, ಅಂಗಡಿಯವನ ಮುಖ ನೋಡಿದರು. ಅಂಗಡಿಯವನು ಹಲ್ಲು ಬಿಟ್ಟು, "ಮೇಡಂ ಚ್ಯಾಷ್ಟಿ ಮಾಡ್ತಾರ್ರಿ ಅಜ್ಜಾ" ಎಂದ. ಅಜ್ಜನ ಮುಖ ಹಗುರಾಯಿತು. ನಗುತ್ತಾ ಡಬ್ಬಿ ಕೊಂಡು, ನನಗೆ ಇನ್ನೊಮ್ಮೆ ಕೈ ಮುಗಿದು ಹೋದರು.

ಪೊಲೀಸರಿಗೆ ದೂರು ಕೊಟ್ಟೆ, ತೆಗೆದುಕೊಂಡರು, ಅಷ್ಟೆ. ಮನೆಯಲ್ಲಿ ಹಂಚಿನ ಮುಂದೆ ನಿಂತು, ರೊಟ್ಟಿ ಮುರಿದು ತಿನ್ನುತ್ತ, ಇದು ಸುಳ್ಳು ಎಂದು ಹೇಳುವ ವಿಡಿಯೋ ಮಾಡಿ ಹಂಚಿದೆ. ಬಾಗೇವಾಡಿಯ ಪೂರ್ತಿ ಮಾತಿನ ದಾಖಲೆ ಸಂಯೋಜಕನ ಬಳಿ ಇರಲಿಲ್ಲ. ಅವನ ಬಳಿ ಫೋಟೊಗಳಿದ್ದವು, ಎಲ್ಲದರಲ್ಲೂ ನಾನು ಬಾಯಿ ತೆರೆದು ನಿಂತಿದ್ದೆ. ನನ್ನ ವಿಡಿಯೋವನ್ನು ನೋಡಿದವರು ಕಡಿಮೆ. ನೋಡಿದವರೊಬ್ಬರು ಕೆಳಗೆ ಬರೆದರು: "ಪಾಪ, ಒತ್ತಡಕ್ಕೆ ಮಣಿದರು." ಒಂದು ಸುಳ್ಳು ಊರಿನಲ್ಲಿ ಬೇರು ಬಿಟ್ಟ ಮೇಲೆ ಸತ್ಯವೂ ಅದಕ್ಕೆ ಗೊಬ್ಬರವಾಗುತ್ತದೆ. ಇಂಥ ಸಂದೇಶವನ್ನು ನೀವು ಬರೆದದ್ದೇ ತಪ್ಪು ಎಂದು ಸ್ಟಾಫ್ ರೂಮಿನಲ್ಲಿ ಕೆಲವರು ನನಗೆ ತಿಳಿಹೇಳಿದರು. ಭೌತಶಾಸ್ತ್ರದವರೂ ಅವರಲ್ಲಿದ್ದರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ.

ಚಿಗವ್ವನ ಮುಖ ತುಂಬಿಕೊಳ್ಳುತ್ತ ಬಂತು. ಕೆನ್ನೆ ಉಬ್ಬಿ, ಗಲ್ಲ ಗುಂಡಗಾಗಿ, ಬಂದವರೆಲ್ಲ "ಮೈ ತುಂಬ್ಯಾಳ ನೋಡು, ಪುಡಿ ಹತ್ತೇತಿ" ಎಂದು ಹೊಗಳಿದರಂತೆ. ಅದೇ ಹೊಗಳಿಕೆಯಲ್ಲಿ ಇನ್ನಷ್ಟು ಡಬ್ಬಿಗಳು ಆ ಓಣಿಗೆ ಬಂದವು. ಆಮೇಲೆ ನೀರಡಿಕೆ ಶುರುವಾಯಿತು. ಕೊಡಗಟ್ಟಲೆ ನೀರು ಕುಡಿದರೂ ತೀರದ ನೀರಡಿಕೆ. ಒಂದು ಬೆಳಿಗ್ಗೆ ಅಂಗಳದಲ್ಲಿ ಕಣ್ಣು ಕತ್ತಲಾಗಿ ಬಿದ್ದಳು. ಮಗ ವಿಜಯಪುರದ ಆಸ್ಪತ್ರೆಗೆ ಕರೆದೊಯ್ದ. ನಾನೂ ಹೋಗಿ ಮುಟ್ಟಿದೆ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ರಕ್ತದ ಸಕ್ಕರೆ ನೋಡಿ ಗಾಬರಿಯಾದರು, ಮುಖ ನೋಡಿದ್ದೇ, "ಏನರೆ ಪುಡಿ ಗಿಡಿ ತಗೋತಿದ್ರೇನ್ರಿ?" ಎಂದು ಕೇಳಿದರು. ಡಬ್ಬಿ ತೋರಿಸಿದೆವು.

"ಇಂಥಾದ್ರಾಗ ಭಾಳ ಸಲ ಸ್ಟಿರಾಯ್ಡ್ ಕೂಡಿಸಿರ್ತಾರ್ರಿ" ಎಂದರು. "ನೋವು ಎಲ್ಲಾ ಹೋದಂಗ ಆಕ್ಕೈತಿ. ಒಳಗ ಸಕ್ಕರಿ ಏರತೈತಿ, ಮಾರಿ ಬಾತುಕೋತೈತಿ. ಇವರು ಗುಳಗೀನೂ ಬಿಟ್ಟಾರ. ಮತ್ತ ಇದನ್ನ ಒಮ್ಮಿಗೇ ನಿಲ್ಲಿಸಿದ್ರೂ ಅಪಾಯ. ಹಗೂರಕ ಇಳಿಸಬೇಕು."

ಹೊರಗಿನ ಬೆಂಚಿನ ಮೇಲೆ ಚಿಗವ್ವನ ಮಗ ಕುಳಿತಿದ್ದ. ಪಕ್ಕಕ್ಕೆ ಹೋಗಿ ಕುಳಿತೆ. ಅವನು ಮೊಬೈಲಿನಲ್ಲಿ ಏನೋ ಓದುತ್ತಿದ್ದವನು ನನ್ನ ಕಡೆ ತಿರುಗಿಸಿದ. "ಅಕ್ಕಾ, ದವಾಖಾನಿಯವರು ಬಿಲ್ ಏರಸಾಕ ಹಿಂಗ ಸ್ಟಿರಾಯ್ಡ್ ಪಾಯ್ಡ್ ಅಂತಾರಂತ ನೋಡು. ಇಲ್ಲಿ ಬಂದೈತಿ."

ನಾನು ಕೂಗಿದೆ. ಕಾರಿಡಾರಿನಲ್ಲಿದ್ದ ಎಲ್ಲರೂ ತಿರುಗಿ ನೋಡುವಂತೆ ಕೂಗಿದೆ. "ನಿಮ್ಮವ್ವನ್ನ ಒಳಗ ಮಲಗಿಸಿದವ ನೀನ. ಆ ಪುಡಿ ಮಾರವ ಅಲ್ಲ, ನೀನು. ಅವನಿಗೆ ಆಕಿ ಯಾರಂತನೂ ಗೊತ್ತಿಲ್ಲ. ನಿನಗ ಗೊತ್ತಿತ್ತು."

ಅವನು ಅತ್ತ. ಅವನನ್ನು ಸಮಾಧಾನ ಮಾಡಬೇಕೆಂದು ನನಗೆ ಅನ್ನಿಸಲಿಲ್ಲ. ನಾನು ಎದ್ದು ಒಳಗೆ ಹೋಗಿ ಚಿಗವ್ವನ ಕಾಲ ಬಳಿ ನಿಂತೆ. ಬಾತ ಮುಖದಲ್ಲಿ ಕಣ್ಣುಗಳು ಸಣ್ಣಗೆ ಒಳಗೆ ಹೋಗಿದ್ದವು. ಅವಳು ಅಷ್ಟು ಅಸಹಾಯಕಳಾಗಿ ಮಲಗಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಸಿಟ್ಟೂ ಇತ್ತು, ಅಂಜಿಕೆಯೂ ಇತ್ತು. ಯಾವುದು ಹೆಚ್ಚು ಎಂದು ಹೇಳಲಾರೆ.

ಬದುಕಿದಳು. ಮನೆಗೆ ಹೋದ ಮೇಲೆ ರೊಟ್ಟಿಯನ್ನೂ ತಿಂದಳು, ಡಾಕ್ಟರಮ್ಮ ಹೇಳಿದರೆಂದು. ಮೊಣಕಾಲು ನೋವು ಮೊದಲಿನಂತೆ ಮರಳಿತು. ನೋಡಲು ಬಂದವರಿಗೆಲ್ಲ ಅವಳು ಹೇಳುವುದು ಒಂದೇ: "ಪುಡಿ ಚಲೋನ ಇತ್ತು, ನನ್ನ ಮೈಗೆ ಹೊಂದಲಿಲ್ಲ." ನಾನು ಅಲ್ಲಿಯೇ ಕುಳಿತಿರುತ್ತೇನೆ. ಯಾರೂ ನನ್ನನ್ನು ಕೇಳುವುದಿಲ್ಲ.

ಇಷ್ಟಾದ ಮೇಲೆ ಸಂಯೋಜಕ ಹೊರ್ತಿಯ ಕಾರ್ಯಕ್ರಮಕ್ಕೆ ಕರೆದಾಗ ಬಯ್ಯಬೇಕೆಂದೇ ಫೋನ್ ಎತ್ತಿದೆ. ಆದರೆ ಬಾಯಿಂದ ಬಂದದ್ದು ಬೇರೆ: "ಬರ್ತೇನಿ. ಭಾಷಣ ಇಲ್ಲ, ಸ್ಲೈಡ್ ಇಲ್ಲ, ಅತಿಥಿ ಇಲ್ಲ. ಮೊಬೈಲ್ ತರಾಕ ಹೇಳ್ರಿ ಸಾಕು." ಕತ್ತರಿಯನ್ನು ಅವರ ಕೈಗೇ ಕೊಡಬೇಕು ಎಂದುಕೊಂಡಿದ್ದೆ. ಬುದ್ಧಿ ಹೇಳಿದರೆ ಕೇಳದ ಜನಕ್ಕೆ ಕೈಕೆಲಸ ಕೊಟ್ಟರೆ ಏನಾದೀತು ನೋಡೋಣ ಎಂಬ ಹಟ.

ಹೊರ್ತಿಯ ಸಾಲೆಯ ಒಂದು ಕೋಣೆಯಲ್ಲಿ ಹೆಣ್ಣುಮಕ್ಕಳು ಚಾಪೆಯ ಮೇಲೆ ಕುಳಿತಿದ್ದರು. ಒಬ್ಬ ಸೊಸೆಯನ್ನು ಎಬ್ಬಿಸಿ ನಾನು ಹೇಳಿಕೊಟ್ಟ ಮಾತನ್ನು ಹೇಳಲು ಹೇಳಿದೆ. ಅವಳ ಅತ್ತೆಯೂ ಅಲ್ಲೇ, ಗೋಡೆಗೆ ಒರಗಿ ಕುಳಿತಿದ್ದಳು. ಸೊಸೆ ನಗು ತಡೆದುಕೊಂಡು ಹೇಳಿದಳು: "ನಮ್ಮತ್ತಿ ಕೆಟ್ಟಾಕಿ ಅಂತ ಮಂದಿ ಅಂತಾರ, ಆದ್ರ ನನ್ನ ಹಡದವ್ವನ್ಹಂಗ ನೋಡಿಕೋತಾಳ." ಇನ್ನೊಬ್ಬಳಿಗೆ ಅದನ್ನು ಮೊಬೈಲಿನಲ್ಲಿ ಹಿಡಿಯಲು ಹೇಳಿ, ಎಲ್ಲಿ ಕತ್ತರಿಸಬೇಕೆಂದು ತೋರಿಸಿದೆ. ಅವಳಿಗೆ ತೋರಿಸುವ ಅಗತ್ಯವೂ ಹೆಚ್ಚು ಬೀಳಲಿಲ್ಲ. ಮೊಮ್ಮಕ್ಕಳ ವಿಡಿಯೋ ಕತ್ತರಿಸಿ ರೂಢಿಯಿತ್ತು. ಆಮೇಲೆ ಅತ್ತೆಯ ಮುಂದೆ ಹಿಡಿದೆವು. ಗಾಜಿನೊಳಗಿಂದ ಸೊಸೆ ಹೇಳಿದಳು: "ನಮ್ಮತ್ತಿ ಕೆಟ್ಟಾಕಿ."

ಅತ್ತೆಯ ಮುಖ ಕಪ್ಪಿಟ್ಟಿತು. ಪೂರ್ತಿ ಮಾತನ್ನು ಅದೇ ಕೋಣೆಯಲ್ಲಿ, ಕಿವಿಯಾರೆ, ಈಗತಾನೆ ಕೇಳಿದ್ದಳು. ಆದರೂ ಕಪ್ಪಿಟ್ಟಿತು. "ಅಂದಿ ಅಲ್ಲ ನೀ? ಮನಸಿನ್ಯಾಗ ಇದ್ದದ್ದು ಬಾಯಾಗ ಬಂತು" ಎಂದಳು ಸೊಸೆಗೆ.

"ಯತ್ತೀ, ನಿಮ್ಮ ಮುಂದ ಅಂದೇನಲ್ಲ, ಪೂರಾ!"

"ಇದರಾಗ ಇಲ್ಲಲ್ಲ ಅದು?"

"ಕತ್ತರಿಸ್ಯಾರಲ್ಲ!"

ಕೋಣೆಯೆಲ್ಲ ನಕ್ಕಿತು. ಅತ್ತೆ ಮಾತ್ರ ನಗಲಿಲ್ಲ. ಮೊಬೈಲನ್ನು ತನ್ನ ಕೈಗೆ ತೆಗೆದುಕೊಂಡು ಮತ್ತೆ ಮತ್ತೆ ಒತ್ತಿ ನೋಡಿದಳು. ಕೊನೆಗೆ, "ಅಂದ್ರ ನಾ ಇಷ್ಟ ದಿನ ನೋಡಿದ್ದಕ್ಕೆಲ್ಲ ಬಾಲ ಇತ್ತಂದಂಗಾತು" ಎಂದಳು. ಆ ಮಾತು ನನಗೆ ಹಿಡಿಸಿತು ಎಂದು ಒಪ್ಪಿಕೊಳ್ಳುತ್ತೇನೆ. ಆ ಮಧ್ಯಾಹ್ನ ಅವರು ಒಬ್ಬರ ಮಾತನ್ನು ಒಬ್ಬರು ಕತ್ತರಿಸಿ ಕತ್ತರಿಸಿ ನಕ್ಕರು. ಸಂಯೋಜಕನನ್ನೂ ಬಿಡಲಿಲ್ಲ. "ಈ ಕಾರ್ಯಕ್ರಮ ದಂಡ ಅಂತ ಯಾರ ಅನ್ನಲಿ, ನಮಗ ನಿಮ್ಮ ಹಿತ ಮುಖ್ಯ" ಎಂದು ಅವನು ಎಂದಿನಂತೆ ಮುಗಿಸುತ್ತಿದ್ದಂತೆ, ಹಿಂದಿನ ಸಾಲಿನಿಂದ ಅವನದೇ ದನಿ "ಈ ಕಾರ್ಯಕ್ರಮ ದಂಡ" ಎಂದು ಕೂಗಿತು. ಅದನ್ನು ಅಳಿಸಿರೆಂದು ಅವನು ಚಾಪೆ ಚಾಪೆಗೆ ಹೋಗಿ ಕೈ ಮುಗಿದ. ಅಂದು ಅವನು ನನಗೆ ಮೊದಲ ಸಲ ನೋಡಲು ಚೆಂದ ಕಂಡ.

ಕೊನೆಯ ಕಾರ್ಯಕ್ರಮ ಮುದ್ದೇಬಿಹಾಳದಲ್ಲಿ. ಸಮಾರೋಪ ಎಂದು ಸಂಯೋಜಕ ದೊಡ್ಡದಾಗಿಯೇ ಮಾಡಿದ್ದ. ವೇದಿಕೆ, ಹೂವಿನ ಕುಂಡ, ಶಾಲು. 'ಮಾಧ್ಯಮ ಮಿತ್ರರಿಗೆ ಸನ್ಮಾನ' ಎಂದು ಮೈಕಿನಲ್ಲಿ ಕೂಗಿದಾಗ ಎದ್ದು ಬಂದವನು ಸಿಂದಗಿಯವನೇ. ಕೋಲನ್ನು ಬಗಲಲ್ಲಿ ಇಟ್ಟುಕೊಂಡೇ ಶಾಲು ಹೊದ್ದುಕೊಂಡ. ಸಂಯೋಜಕನನ್ನು ಬದಿಗೆ ಕರೆದು, "ಇವನ ಅಲ್ಲೇನ್ರಿ?" ಎಂದೆ. "ಗೊತ್ತೈತ್ರಿ ಮೇಡಂ. ಆದ್ರ ಪ್ರಚಾರ ಬೇಕಲ್ರಿ" ಎಂದ.

ನನ್ನ ಸರದಿ ಬಂತು. ಮೈಕಿನ ಮುಂದೆ ನಿಂತೆ. ಅವನು ಎಂದಿನಂತೆ ಮುಂದಿನ ಸಾಲಿನಲ್ಲಿ ಕೋಲೆತ್ತಿ ಹಿಡಿದ. ನಾನು ಬಾಯಿ ತೆರೆಯಲಿಲ್ಲ. ಅವನನ್ನೇ ನೋಡುತ್ತ ನಿಂತೆ. ಜನ ಮೊದಲು ನನ್ನನ್ನು ನೋಡಿದರು, ಆಮೇಲೆ ನಾನು ನೋಡುವ ಕಡೆ ನೋಡಿದರು. ಸಂಯೋಜಕ ಬೆವರು ಒರೆಸಿಕೊಂಡ. ಕೊನೆಗೆ ಮೈಕಿನಲ್ಲಿ, "ಇವರು ಹೊರಗ ಹೋದ ಮ್ಯಾಲ ಮಾತಾಡ್ತೇನಿ" ಎಂದೆ. ಅವನು ನಗುತ್ತಲೇ ಕುಳಿತಿದ್ದ. ಹಿಂದಿನಿಂದ ಒಬ್ಬ ಹೆಂಗಸು, "ಏ ಅಣ್ಣಾ, ಏಳಲ್ಲ, ನಮಗ ಹೊತ್ತಾಗತೈತಿ" ಎಂದು ಗದರಿದಳು. ಅವನು ಶಾಲು ಸರಿಪಡಿಸಿಕೊಂಡು ಎದ್ದು ಹೋದ. ಆಮೇಲೆ ನಾವು ಬಾಗಿಲು ಮುಚ್ಚಿಕೊಂಡು ಹೊರ್ತಿಯ ಆಟವನ್ನೇ ಆಡಿದೆವು.

ನಾನು ಮನೆ ಮುಟ್ಟುವಷ್ಟರಲ್ಲಿ ಹೊಸ ವಿಡಿಯೋ ಬಂದಿತ್ತು. ಮೈಕಿನ ಮುಂದೆ ನಾನು ಮೂಕಳಾಗಿ ನಿಂತಿದ್ದೇನೆ. ಮೇಲೆ, "ಜಾಗೃತಿ ವೇದಿಕೆಯಲ್ಲಿ ಮಾತೇ ಮರೆತ ಉಪನ್ಯಾಸಕಿ". ಸುಮ್ಮನಿದ್ದದ್ದನ್ನೂ ಕತ್ತರಿಸಬಹುದು ಎಂದು ಅಂದು ತಿಳಿಯಿತು.

ಈ ಸಲ ಉತ್ತರದ ವಿಡಿಯೋ ಮಾಡಲಿಲ್ಲ. ಸಂಯೋಜಕನ ಯೋಜನೆ ಮುಗಿಯಿತು, ಅವನು ಈಗ ಬೇರೆ ಯಾವುದೋ ಜಾಗೃತಿಯಲ್ಲಿದ್ದಾನೆ. ನಾನು ಮಾತ್ರ ರಜೆಯ ದಿನ ಬಸ್ಸು ಹತ್ತಿ ಯಾರು ಕರೆದರೂ ಹೋಗುತ್ತೇನೆ, ದೇವರ ಹಿಪ್ಪರಗಿಯ ಕಡೆಯ ಹಳ್ಳಿಗಳಿಗೂ. ಜನರ ಮೇಲಿನ ಪ್ರೀತಿಯಿಂದ ಮಾಡುತ್ತೀರಿ ಎಂದು ಒಬ್ಬರು ಹೊಗಳಿದರು. ಇಲ್ಲ ಎಂದೆ. ಇಷ್ಟು ಸುಲಭವಾಗಿ ಮೋಸ ಹೋಗುವವರನ್ನು ನೋಡಿದರೆ ನನಗೆ ಮೈ ಉರಿಯುತ್ತದೆ, ಆ ಉರಿಗೆ ಮನೆಯಲ್ಲಿ ಕೂರಲು ಆಗುವುದಿಲ್ಲ, ಅಷ್ಟೆ. ಅವರು ಇದನ್ನು ವಿನಯ ಎಂದುಕೊಂಡು ಇನ್ನಷ್ಟು ಹೊಗಳಿದರು.